ಬಲಮಗ್ಗುಲಿಗೆ ಬಿದ್ದ ಸೈಕಲ್ಲು

ಕಿವಿ ಪರೀಕ್ಷೆ ಮಾಡಿ ಹೊಟ್ಟೆ ಹೊರೆಯುವವಳಿಗೆ ಸದ್ದು ಮಾಡುವ ಸೈಕಲ್ಲೇ ಗಂಟುಬೀಳಬೇಕೆ ಎಂದು ಬೀದಿಯವರು ನಗುತ್ತಿದ್ದರು. ಅವಳನ್ನು ಅವರು ಕರೆಯುತ್ತಿದ್ದುದೇ ಕಿವಿ ಮೇಡಂ ಎಂದು. ಕಿವಿ ಆಸ್ಪತ್ರೆಯಲ್ಲಿ ಗೋಡೆಗೆಲ್ಲ ದಪ್ಪ ಸ್ಪಂಜು ಬಡಿದ ಒಂದು ಪುಟ್ಟ ಕೋಣೆಯಿತ್ತು. ಅದರೊಳಗೆ ಜನರನ್ನು ಕೂರಿಸಿ, ಹೆಡ್‌ಫೋನ್ ಹಾಕಿ, ಕೈಗೊಂದು ಗುಂಡಿ ಕೊಟ್ಟು, ಕೇಳಿಸಿದಾಗ ಮಾತ್ರ ಒತ್ತಿ ಎಂದು ಹೇಳಿ ಗಾಜಿನಾಚೆ ಕೂರುವುದು ಅವಳ ಕೆಲಸ. ಕೇಳಿಸದಿದ್ದರೂ ಒತ್ತುವವರು ದಿನಕ್ಕೆ ಇಬ್ಬರಾದರೂ ಸಿಗುತ್ತಿದ್ದರು. ಅಂಥವರು ಒಂದೋ ಅವಳ ಮುಖ ನೋಡಿಕೊಂಡು ಒತ್ತುತ್ತಾರೆ, ಇಲ್ಲವೇ ತೀರ ಬೇಗ ಒತ್ತುತ್ತಾರೆ. ಅವಳು ಏನೂ ಅನ್ನುತ್ತಿರಲಿಲ್ಲ. ಸದ್ದೇ ಕಳಿಸದೆ ಸುಮ್ಮನೆ ಕಾಯುತ್ತಿದ್ದಳು. ಆಗಲೂ ಒತ್ತಿದರೆ ಕಾಗದದ ಮೂಲೆಯಲ್ಲಿ ಪೆನ್ಸಿಲಿನಲ್ಲಿ ಒಂದು ಚುಕ್ಕೆ ಇಡುತ್ತಿದ್ದಳು.

ಸೈಕಲ್ಲು ತಮ್ಮನದು. ಹಿಂದಿನ ಚಕ್ರದಲ್ಲಿ ಎಂಟು ಗೇರಿನ, ಬೂದು ಬಣ್ಣದ, ನೋಡಿದರೆ ಕಣ್ಣು ನಿಲ್ಲುವಂಥ ಸೈಕಲ್ಲು. ಕಳೆದ ವರ್ಷ ಅವನೇ ತಂದು ಮೆಟ್ಟಿಲ ಕೆಳಗೆ ನಿಲ್ಲಿಸಿ, "ನನಗೆಲ್ಲಿ ಪುರುಸೊತ್ತು ಅಕ್ಕ, ನೀನೇ ಇಟ್ಕೋ. ಮಧ್ಯಾಹ್ನ ಆಸ್ಪತ್ರೆಯಿಂದ ಓಡಿ ಬರೋಕೆ ಆಗುತ್ತೆ," ಎಂದಿದ್ದ. ಮೊದಲ ದಿನದಿಂದಲೂ ಅದು ಗೇರಿನಲ್ಲಿ ಕರಕರ ಅನ್ನುತ್ತಿತ್ತು. ಭಾನುವಾರ ಮನೆಗೆ ಬಂದಾಗಲೆಲ್ಲ ತಮ್ಮ ಜೇಬಿನಿಂದ ಪುಟ್ಟ ಸ್ಕ್ರೂ ಡ್ರೈವರ್ ತೆಗೆದು ಏನೋ ಅರ್ಧ ಸುತ್ತು ತಿರುಗಿಸಿ ಹೋಗುತ್ತಿದ್ದ. ಸೋಮವಾರ ಸುಮ್ಮನಿರುವ ಸೈಕಲ್ಲು ಬುಧವಾರಕ್ಕೆ ಮತ್ತೆ ರಾಗ ತೆಗೆಯುತ್ತಿತ್ತು.

"ಆರು, ಏಳು, ಎಂಟು ಮಾತ್ರ ಬಳಸು ಅಕ್ಕ. ಕೆಳಗಿನ ಗೇರುಗಳಿಗೆ ಹೋಗಲೇಬೇಡ."

"ಮನೆ ಹತ್ರದ ಏರು ಹತ್ತೋದು ಹೇಗೋ, ನಿನ್ನ ತಲೆ ಮೇಲಾ?"

"ಅಲ್ಲಿ ಇಳಿದು ತಳ್ಳು. ವ್ಯಾಯಾಮ."

ಅವಳು ನಗುತ್ತಿದ್ದಳು. ತಮ್ಮನ ಮೇಲೆ ಸಿಟ್ಟಾಗುವ ಹಕ್ಕು ತನಗಿದೆ ಎಂದು ಅವಳಿಗೆ ಅನ್ನಿಸುತ್ತಲೇ ಇರಲಿಲ್ಲ. ಆ ಮನೆಯಲ್ಲಿ ಯಾರ ಮೇಲೂ ಸಿಟ್ಟಾಗುವ ಹಕ್ಕು ಅವಳಿಗೆ ಹದಿನಾಲ್ಕು ತಿಂಗಳ ಹಿಂದೆಯೇ ಹೋಗಿತ್ತು.

ಅದು ಒಂದು ಶನಿವಾರ. ಅವರ ಮನೆ ಮೊದಲ ಮಹಡಿಯಲ್ಲಿ. ಹತ್ತಲು ಹೊರಗಡೆಯಿಂದ ಹದಿನಾರು ಸಿಮೆಂಟು ಮೆಟ್ಟಿಲು. ಶನಿವಾರ ಕೆಲಸಕ್ಕೆ ಹೊರಡುವ ಮೊದಲು ಸೋಪುನೀರು ಹಾಕಿ ಅವನ್ನು ತಿಕ್ಕುವುದು ಅವಳ ಪಾಲಿನದು. ಅಂದೂ ತಿಕ್ಕಿದಳು, ನೀರು ಗುಡಿಸಿದಳು, ಹೊರಟಳು. ಮುಕ್ಕಾಲು ಗಂಟೆಗೆ ತಮ್ಮನ ಫೋನು ಬಂತು. ಅಪ್ಪ ಮೆಟ್ಟಿಲ ಬುಡದಲ್ಲಿ ಬಿದ್ದಿದ್ದಾರೆ, ಬಲಗಡೆಯ ಸೊಂಟದ ಮೂಳೆ ಮುರಿದಿದೆ, ಮೆಟ್ಟಿಲು ಒದ್ದೆಯಿತ್ತು. ಇಷ್ಟೇ ಹೇಳಿದ್ದು. ಮೂಳೆ ಜರುಗಿಬಿಟ್ಟಿದ್ದರಿಂದ ಎರಡು ಸಲ ಆಪರೇಷನ್ ಆಯಿತು. ಅಪ್ಪ ಈಗ ಕೋಲು ಹಿಡಿದು ಅಡುಗೆಮನೆಯವರೆಗೆ ಹೋಗಿ ಬರುತ್ತಾರೆ, ಅಷ್ಟೇ. ಮೂರು ಹೊತ್ತು ಕಾಲಿನ ವ್ಯಾಯಾಮ ಮಾಡಿಸಬೇಕು. ಅಮ್ಮ ಲಾಂಡ್ರಿಯೊಂದರ ಕೌಂಟರಿನಲ್ಲಿ ಕೆಲಸ ಮಾಡುವವಳು. ಬೆಳಿಗ್ಗೆ ಸಂಜೆ ಅವಳು ನೋಡಿಕೊಂಡರೆ, ಮಧ್ಯಾಹ್ನದ ಸರದಿ ಮಗಳದು. ಅದಕ್ಕಾಗಿ ಅವಳು ಆಸ್ಪತ್ರೆಯಲ್ಲಿ ಅರ್ಧ ದಿನಕ್ಕಿಳಿದಳು. ಹೊಸ ಶಾಖೆಯಲ್ಲಿ ಪರೀಕ್ಷಾ ವಿಭಾಗದ ಮುಖ್ಯಸ್ಥೆಯಾಗಿ ಹೋಗಬೇಕಾಗಿದ್ದ ಕೆಲಸವನ್ನು ಇನ್ನೊಬ್ಬಳಿಗೆ ಬಿಟ್ಟುಕೊಟ್ಟಳು. ಈಗ ಆಕೆ ಬಿಟ್ಟುಹೋಗಿದ್ದಾಳೆಂದು ಡಾಕ್ಟರು ಮತ್ತೆ ಕೇಳಿದ್ದರು. ಶುಕ್ರವಾರದೊಳಗೆ ಹೇಳಬೇಕು. ಹೇಳುವುದೇನಿದೆ, ಇಲ್ಲ ಎನ್ನುವುದೇ.

ಮನೆಯಲ್ಲಿ ಯಾರೂ ಅವಳನ್ನು ಬೈದಿರಲಿಲ್ಲ. ಅಪ್ಪನಂತೂ ಒಂದು ಮಾತೂ ಆಡಿದವರಲ್ಲ. ಅಮ್ಮ ಮಾತ್ರ ದಿನಕ್ಕೊಮ್ಮೆ, ಒಲೆ ಆರಿಸಿದಷ್ಟೇ ಸಲೀಸಾಗಿ, "ಒಂದು ಶನಿವಾರ ಆ ಮೆಟ್ಟಿಲು ಹಾಗೇ ಬಿಟ್ಟಿದ್ರೆ ಏನು ಮುಳುಗಿಹೋಗ್ತಿತ್ತು," ಅನ್ನುತ್ತಿದ್ದಳು. ಅವಳು ತಲೆ ತಗ್ಗಿಸುತ್ತಿದ್ದಳು. ಸೋಪುನೀರು ನೆರಳಿನಲ್ಲಿ ಆರಲು ಎಷ್ಟು ಹೊತ್ತು ಬೇಕು ಎಂದು ಎಷ್ಟೋ ಸಲ ಲೆಕ್ಕ ಹಾಕಿದ್ದಳು. ಪ್ರತಿ ಸಲವೂ ಮುಕ್ಕಾಲು ಗಂಟೆಗಿಂತ ಹೆಚ್ಚೇ ಬರುತ್ತಿತ್ತು.

ಆ ಮಂಗಳವಾರ ಏರಿನ ನಡುವೆ ಚೈನು ಹಾರಿ ಅವಳ ಮೊಣಕಾಲು ಹ್ಯಾಂಡಲಿಗೆ ಬಡಿಯಿತು. ಇನ್ನು ಭಾನುವಾರದವರೆಗೆ ಕಾಯುವುದು ಬೇಡ, ತಾನೇ ನೋಡೋಣ ಎಂದು ಸಂಜೆ ಸೈಕಲ್ಲನ್ನು ಮೆಟ್ಟಿಲ ಕೆಳಗೆ ತಲೆಕೆಳಗು ನಿಲ್ಲಿಸಿದಳು. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಚೈನು ತಿಕ್ಕಿ, ಎಣ್ಣೆ ಬಿಟ್ಟಳು. ಎಣ್ಣೆ ಚೈನಿಗಿಂತ ಅವಳ ಮೊಣಕೈಗೇ ಹೆಚ್ಚು ಹೋಯಿತು, ಕರಕರ ಹೋಗಲಿಲ್ಲ. ಹಿಂದಿನ ಚಕ್ರದ ಪಕ್ಕ, ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದೂಡುವ ಡಿರೇಲರ್ ಎಂಬುದೊಂದು ನೇತಾಡುತ್ತಿತ್ತು. ಅದರ ಮೇಲೆ ಅಕ್ಕಪಕ್ಕ ಎರಡು ಪುಟ್ಟ ಸ್ಕ್ರೂ. ಹೋ, ಇವೇ ಎಂದುಕೊಂಡಳು. ಅವಳ ಯಂತ್ರದಲ್ಲಿ ಸದ್ದು ಹೆಚ್ಚು ಕಡಿಮೆ ಮಾಡಲು ಅಂಥವೇ ಎರಡು ತಿರುಪುಗಳಿದ್ದವು. ಕಿವಿ ಹತ್ತಿರವಿಟ್ಟು, ಒಂದನ್ನು ಒಂದು ಸುತ್ತು, ಇನ್ನೊಂದನ್ನು ಎರಡು ಸುತ್ತು ಸಡಿಲಿಸಿದಳು. ಸ್ವಲ್ಪ ಕಡಿಮೆಯಾದಂತೆಯೇ ಅನ್ನಿಸಿತು. ಸಂತೋಷದಿಂದ ಸೈಕಲ್ಲು ನೆಟ್ಟಗೆ ಮಾಡಿ, ಹತ್ತಿ, ಗೇರು ಕೆಳಗಿಳಿಸಿದಳು. ಚೈನು ದೊಡ್ಡ ಹಲ್ಲುಚಕ್ರವನ್ನೂ ದಾಟಿ ಒಳಗಿನ ಕಡ್ಡಿಗಳ ನಡುವೆ ಹೋಗಿ ಕೂತಿತು. ಚಕ್ರ ಗಕ್ಕನೆ ನಿಂತು, ಕಿವಿ ಮೇಡಂ ಮೆಲ್ಲಗೆ, ಮರ್ಯಾದೆಯಿಂದ, ಎಡಗಡೆಯ ಕಸದ ಡಬ್ಬಿಯ ಮೇಲೆ ಒರಗಿದರು.

ಬುಧವಾರ ಆಸ್ಪತ್ರೆಯ ಯಂತ್ರ ಸರ್ವಿಸಿಗೆ ಹೋಗಿದ್ದರಿಂದ ಹನ್ನೊಂದಕ್ಕೇ ಬಿಡುವಾಯಿತು. ಸೈಕಲ್ಲನ್ನು ಎತ್ತಿ ಹಿಡಿದು, ಮುಂದಿನ ಚಕ್ರದ ಮೇಲೆ ಮಾತ್ರ ಉರುಳಿಸಿಕೊಂಡು ಪಂಕ್ಚರಜ್ಜಿಯ ಅಂಗಡಿಗೆ ಹೋದಳು. ಅಜ್ಜಿಗೆ ಎಪ್ಪತ್ತರ ಹತ್ತಿರ. ಗಂಡಸಿನ ಅಂಗಿಯ ತೋಳು ಮಡಚಿ, ಕನ್ನಡಕವನ್ನು ದಾರದಲ್ಲಿ ಕೊರಳಿಗೆ ಕಟ್ಟಿಕೊಂಡು ಕೂರುವ ಹೆಂಗಸು. ಬಂದವರನ್ನೆಲ್ಲ ಅವಳು ಮೊದಲು ಕೇಳುವ ಪ್ರಶ್ನೆ ಒಂದೇ.

"ನನ್ನ ಕೈ ಬೇಕಾ, ಸ್ಟೂಲ್ ಬೇಕಾ?"

ಕೈ ಎಂದವರ ಸೈಕಲ್ಲನ್ನು ಅಜ್ಜಿ ರಿಪೇರಿ ಮಾಡುತ್ತಾಳೆ. ಸ್ಟೂಲ್ ಎಂದವರಿಗೆ ಒಂದು ಗಿಡ್ಡ ಸ್ಟೂಲು, ಹತಾರದ ಡಬ್ಬ ಕೊಟ್ಟು, ಪಕ್ಕದಲ್ಲಿ ಕೂತು ಬೈಯುತ್ತಾಳೆ.

"ಸ್ಟೂಲ್," ಎಂದಳು ಅವಳು.

ಅಜ್ಜಿ ಚೈನು ನೋಡಿ, ಸ್ಕ್ರೂ ನೋಡಿ, ಅವಳ ಮುಖ ನೋಡಿದಳು. "ಈ ಎರಡಕ್ಕೂ ಯಾಕಮ್ಮ ಕೈ ಹಾಕಿದೆ?"

"ಸದ್ದು ಕಡಿಮೆ ಮಾಡೋಕೆ."

"ಇದೇನು ರೇಡಿಯೋನಾ? ಇವು ಬೇಲಿ. ಚೈನು ಆಚೆಗೂ ಈಚೆಗೂ ಹಾರದೇ ಇರ್ಲಿ ಅಂತ. ನೀನು ಬೇಲಿ ಕಿತ್ತುಬಿಟ್ಟು ದನ ಒಳಗೆ ಬಂತು ಅಂತಿದೀಯ." ಸ್ಕ್ರೂಗಳನ್ನು ಎಲ್ಲಿಗೆ ತರಬೇಕೆಂದು ಬೆರಳಿನಲ್ಲಿ ತೋರಿಸಿ, ಅವಳ ಕೈಯಿಂದಲೇ ತಿರುಗಿಸಿದಳು. ಆಮೇಲೆ ಕಡ್ಡಿಗಳ ನಡುವಿನ ಚೈನು ಬಿಡಿಸಿ, ಸೈಕಲ್ಲನ್ನು ಕೊಕ್ಕೆಗೆ ತೂಗುಹಾಕಿ, ಒಂದು ಹಲಗೆ, ಬಳಪ ಕೊಟ್ಟಳು. "ಈಗ ಹೇಳು. ಎಲ್ಲಿ ನೋವು, ಎಷ್ಟು ನೋವು? ಒಂದೊಂದೇ ಗೇರು. ಗೊತ್ತಿಲ್ಲದೆ ಮುಟ್ಟೋ ಹಾಗಿಲ್ಲ."

ಈ ಕೆಲಸವೇನೋ ಅವಳಿಗೆ ನೀರು ಕುಡಿದಷ್ಟು ಸುಲಭ. ಕೈಯಿಂದ ಪೆಡಲ್ ತಿರುಗಿಸುತ್ತ, ಕಣ್ಣು ಮುಚ್ಚಿ, ಎಂಟು ಗೇರನ್ನೂ ಕೇಳಿದಳು. ಹಲಗೆಯ ಮೇಲೆ ಅಡ್ಡಕ್ಕೆ ಎಂಟು ಮನೆ ಬರೆದು, ಎಷ್ಟೆಷ್ಟು ಸದ್ದೋ ಅಷ್ಟಷ್ಟು ಎತ್ತರಕ್ಕೆ ಚುಕ್ಕೆ ಇಟ್ಟು, ರೋಗಿಗಳ ಕಿವಿಗೆ ಬರೆಯುವಂತೆ ಗೆರೆ ಎಳೆದಳು. ಸಣ್ಣ ಹಲ್ಲುಚಕ್ರಗಳಲ್ಲಿ ಸದ್ದು ಇಲ್ಲವೆನ್ನುವಷ್ಟು. ಅಲ್ಲಿಂದ ದೊಡ್ಡದಕ್ಕೆ ಹೋದಂತೆ ಗೆರೆ ಮೇಲೇರುತ್ತ ಹೋಯಿತು.

ಅಜ್ಜಿ ಕನ್ನಡಕ ಏರಿಸಿ ನೋಡಿದಳು. "ನಲವತ್ತು ವರ್ಷದಲ್ಲಿ ಇಷ್ಟು ನೀಟಾಗಿ ಯಾರೂ ಬರೆದುಕೊಟ್ಟಿಲ್ಲ. ಈಗ ಗೇರು ಎಳೆಯೋ ಕೇಬಲ್ಲಿನ ಈ ತಿರುಪು ಕಾಲು ಸುತ್ತು ತಿರುಗಿಸು."

ತಿರುಗಿಸಿದಳು. ದೊಡ್ಡ ಚಕ್ರಗಳು ಸುಮ್ಮನಾದವು, ಸಣ್ಣವು ಕಿರುಚಿದವು. ಹಿಂದಕ್ಕೆ ತಿರುಗಿಸಿದಳು. ಸಣ್ಣವು ಸುಮ್ಮನಾಗಿ ದೊಡ್ಡವು ಶುರುಮಾಡಿದವು. ಒಂದು ಬಾಯಿ ಮುಚ್ಚಿಸಿದರೆ ಇನ್ನೊಂದು ತೆರೆಯುತ್ತಿತ್ತು. ತಮ್ಮ ಭಾನುವಾರಗಳಲ್ಲಿ ಮಾಡುತ್ತಿದ್ದುದು ಇದನ್ನೇ ಎಂದು ಅವಳಿಗೆ ಹೊಳೆಯಿತು. ಅವಳು ಬಳಸುವ ಮೂರು ಗೇರು ಸುಮ್ಮನಿರುವಂತೆ ತಿರುಗಿಸಿ ಹೋಗುತ್ತಿದ್ದ.

"ಕೇಬಲ್ಲಿನ ತಪ್ಪಾದ್ರೆ ಎಲ್ಲಾ ಗೇರಲ್ಲೂ ಒಂದೇ ಸಮ ಇರ್ತಿತ್ತು," ಎಂದಳು ಅಜ್ಜಿ. "ನಿನ್ನ ಗೆರೆ ಹತ್ತುತ್ತಾ ಹೋಗಿದೆ. ಏನೋ ಸೊಟ್ಟಗಿದೆ. ಹಿಂದುಗಡೆ ಬಂದು ಮಂಡಿಯೂರು."

ಮಂಡಿಯೂರಿ ನೋಡಿದಳು. ಡಿರೇಲರಿನ ಎರಡು ಪುಟ್ಟ ಗಾಲಿಗಳು ಮೇಲಿನ ಹಲ್ಲುಚಕ್ರದ ನೇರಕ್ಕೆ ಒಂದರ ಕೆಳಗೊಂದು ಇರಬೇಕಂತೆ. ಕೆಳಗಿನದು ಕಡ್ಡಿಗಳತ್ತ ವಾಲಿತ್ತು. ಅದನ್ನು ಚೌಕಟ್ಟಿಗೆ ಸೇರಿಸುವ ಬೆರಳಗಲದ ತುಂಡು, ಹ್ಯಾಂಗರ್, ಒಳಕ್ಕೆ ಬಗ್ಗಿತ್ತು. ಒಮ್ಮೆ ಕಂಡ ಮೇಲೆ ಕಾಣದಿರುವಂತೆ ಮಾಡಲು ಸಾಧ್ಯವೇ ಇರಲಿಲ್ಲ.

"ಇದು ಬಲಮಗ್ಗುಲಿಗೆ ಬಿದ್ದಿದೆ."

"ನಿನ್ನೆ ಕಸದ ಡಬ್ಬಿ ಮೇಲೆ ಒರಗಿದ್ದು ಎಡಕ್ಕೆ, ಅಜ್ಜಿ. ಬಲಕ್ಕೆ ನನ್ನ ಕೈಲಿ ಒಂದು ಸಲವೂ ಬಿದ್ದಿಲ್ಲ."

"ನಿನ್ನ ಕೈಲಿ ಅಂದೆನಾ? ಹಳೇ ಪೆಟ್ಟು. ಇಲ್ಲಿ ನೋಡು, ಪೆಡಲಿನ ತುದಿ ಉಜ್ಜಿದೆ. ಬ್ರೇಕಿನ ತುದಿ ಉಜ್ಜಿದೆ. ಹಿಡಿ ಎಡಗಡೆ ಹಳೇದು, ಬಲಗಡೆ ಮಾತ್ರ ಹೊಸದು. ಗೋಡೆಗೆ ಒರಗಿಸಿದ್ದು ಜಾರಿ ಬಿದ್ರೆ ಇಷ್ಟು ಬಗ್ಗಲ್ಲ. ಮೇಲೆ ಆಳಿದ್ದ. ಅದೂ ವಯಸ್ಸಾದೋರು."

"ವಯಸ್ಸು ಹೇಗೆ ಗೊತ್ತಾಗುತ್ತೆ?"

"ಹುಡುಗ್ರು ಬೀಳುವಾಗ ಹ್ಯಾಂಡಲ್ ಬಿಟ್ಟು ಕೈ ಊರ್ತಾರೆ. ವಯಸ್ಸಾದೋರು ನೆಲ ಮುಟ್ಟೋವರೆಗೂ ಹಿಡಿದೇ ಇರ್ತಾರೆ, ಬಿಟ್ರೆ ಬೀಳ್ತೀವಿ ಅಂತ. ನಾನೂ ಹಾಗೇ ಬಿದ್ದವಳು." ಅಜ್ಜಿ ಪೆಡಲಿನ ಸಂದಿಯಿಂದ ಉಗುರಿನಲ್ಲಿ ಏನನ್ನೋ ಕೆರೆದು ತೆಗೆದಳು. "ಬಣ್ಣದ ಗೋಡೆಗೆ ತಾಗಿಸಿಕೊಂಡು ಬಿದ್ದಿದ್ದಾರೆ. ಹಸಿರು."

ಅಜ್ಜಿಯ ಉಗುರಿನ ತುದಿಯಲ್ಲಿ ಅಕ್ಕಿಕಾಳಿನ ಚೂರಿನಷ್ಟು ಬಣ್ಣ. ಅದನ್ನು ಅವಳು ಬಹಳ ಹೊತ್ತು ನೋಡಿದಳು. ಅವರ ಕಟ್ಟಡದ ಹಿಂದಿನ ಓಣಿಯಲ್ಲಿ ಪಂಪ್ ಮನೆಯಿದೆ. ಅದಕ್ಕೆ ಹಸಿರು ಬಳಿದದ್ದು ಅಪ್ಪ ಬಿದ್ದ ವಾರ. ಆಸ್ಪತ್ರೆಯಿಂದ ತಂದ ಅಪ್ಪನ ಪ್ಯಾಂಟಿನ ಬಲಸೊಂಟದ ಮೇಲೆ ಅಂಗೈ ಅಗಲದ ಹಸಿರಿತ್ತು. ಸ್ಟ್ರೆಚರಿನ ಬಣ್ಣವಿರಬೇಕು ಎಂದುಕೊಂಡು ಸೀಮೆಎಣ್ಣೆ ಹಾಕಿ ತಿಕ್ಕಿದ್ದಳು. ಇನ್ನೂ ಒಂದಿತ್ತು. ತಮ್ಮ ಸೈಕಲ್ಲು ಕೊಟ್ಟಾಗ ಸೀಟು ತೀರ ಕೆಳಗಿತ್ತು, ಅವಳೇ ಏರಿಸಿಕೊಂಡಿದ್ದಳು. ತಮ್ಮ ಅವಳಿಗಿಂತ ಒಂದು ಗೇಣು ಎತ್ತರ. ಅವಳಿಗೂ ಗಿಡ್ಡವಾಗುವಂತೆ ಅದನ್ನು ಯಾರಿಗಾಗಿ ಇಳಿಸಿದ್ದು? ಮನೆಯಲ್ಲಿ ಅವಳಿಗಿಂತ ಗಿಡ್ಡ ಇರುವವರು ಇಬ್ಬರೇ. ಅಮ್ಮನಿಗೆ ಸೈಕಲ್ಲು ಬಾರದು.

"ಸೊಟ್ಟಗಿರೋದನ್ನ ನೆಟ್ಟಗೆ ಮಾಡೋಕೆ ಹೋದ್ರೆ ಮುರಿಯುತ್ತೆ," ಎನ್ನುತ್ತಿದ್ದಳು ಅಜ್ಜಿ, ಬೀಗದ ಕೈಗಳಂತೆ ಒಂದಕ್ಕೊಂದು ಹೊಂದದ ಹ್ಯಾಂಗರುಗಳ ಡಬ್ಬಿಯಲ್ಲಿ ಕೈಯಾಡಿಸುತ್ತ. "ಹೊಸದೇ ಬೇಕು. ನಿನ್ನದರ ಜೋಡಿ ಇಲ್ಲ. ನಾಳೆ ತರಿಸಿಡ್ತೀನಿ. ಏನಾಯ್ತು, ಮುಖ ಯಾಕೆ ಹಾಗಾಯ್ತು? ಸಣ್ಣ ತುಂಡಮ್ಮ ಅದು."

ಅವಳು ಸೈಕಲ್ಲನ್ನು ಅಲ್ಲೇ ಬಿಟ್ಟು ನಡೆದುಕೊಂಡು ಮನೆಗೆ ಹೋದಳು. ಮಧ್ಯಾಹ್ನದ ವ್ಯಾಯಾಮದ ಹೊತ್ತಾಗಿತ್ತು.

ಅಪ್ಪ ಚಾಪೆಯ ಮೇಲೆ ಆಗಲೇ ಅಂಗಾತ ಮಲಗಿ ಕಾಯುತ್ತಿದ್ದರು. ಒಂದು ಕಾಲದಲ್ಲಿ ಅಳತೆ ಕಚೇರಿಯಲ್ಲಿ ಭೂಪಟ ಬರೆಯುತ್ತಿದ್ದವರು. ಈಗಲೂ ಮಲಗುವಾಗ ಚಾಪೆಯ ಅಂಚಿಗೆ ಸರಿಯಾಗಿ ಮೈ ಹೊಂದಿಸಿಕೊಂಡು ಮಲಗುತ್ತಿದ್ದರು. ಅವಳು ಬಲಗಾಲಿನ ಹಿಮ್ಮಡಿಯನ್ನು ಅಂಗೈಯಲ್ಲಿಟ್ಟುಕೊಂಡು ಮೆಲ್ಲಗೆ ಎತ್ತಿದಳು. ಎತ್ತಿ ಹತ್ತು ಎಣಿಸಬೇಕು. ಹೀಗೆ ಎಣಿಸಿದ್ದು ನಾನೂರು ದಿನಕ್ಕೂ ಹೆಚ್ಚಾಗಿತ್ತು.

"ಒಂದು. ಎರಡು. ಅಪ್ಪ, ತಮ್ಮನ ಸೈಕಲ್ಲು ನೀವು ಯಾವತ್ತಾದ್ರೂ..."

"ನಾನ್ಯಾಕಮ್ಮ ಅದನ್ನ ಹತ್ಲಿ," ಎಂದರು ಅಪ್ಪ.

ಅವಳು ಇನ್ನೂ ಕೇಳಿ ಮುಗಿಸಿರಲಿಲ್ಲ. ಅಪ್ಪ ತೀರ ಬೇಗ ಒತ್ತಿದ್ದರು. ಅವಳು ಕಾಲನ್ನು ಹಾಗೇ ಹಿಡಿದು, ಸದ್ದು ಕಳಿಸದೆ ಕಾದಳು. ಗೋಡೆಯ ಗಡಿಯಾರ ಅರ್ಧ ನಿಮಿಷ ನಡೆಯಿತು.

"ಬ್ರೇಕು ಅಷ್ಟು ಬಿಗಿ ಅಂತ ಗೊತ್ತಿರಲಿಲ್ಲ," ಎಂದರು ಅಪ್ಪ, ಸೂರನ್ನು ನೋಡುತ್ತ.

ಆಮೇಲೆ ಎಲ್ಲ ತಾನಾಗಿ ಬಂತು. ಒಮ್ಮೆ ಅಪ್ಪನಿಗೆ ತಲೆಸುತ್ತು ಬಂದಾಗ, ಇನ್ನು ಸೈಕಲ್ಲು ಮುಟ್ಟುವುದಿಲ್ಲ ಎಂದು ಅಮ್ಮ ತನ್ನ ಮೇಲೆ ಆಣೆ ಹಾಕಿಸಿಕೊಂಡಿದ್ದಳಂತೆ. ಅಂದು ಮಗ ಹೊಸ ಸೈಕಲ್ಲು ತಂದಿದ್ದ. ಅಮ್ಮ ಕೆಲಸಕ್ಕೆ ಹೋಗಿದ್ದಳು. ಒಂದೇ ಒಂದು ಸುತ್ತು ಎಂದರು ಇವರು. ಅವನು ಸೀಟು ಇಳಿಸಿಕೊಟ್ಟ. ಪಂಪ್ ಮನೆಯ ತಿರುವಿನಲ್ಲಿ ಬಿದ್ದರು. ಮನೆಗೆ ಕರೆದುಕೊಂಡು ಹೋಗು, ಇಲ್ಲಿ ಯಾರಾದರೂ ನೋಡ್ತಾರೆ ಎಂದರು. ಅವನು ಹೊತ್ತುಕೊಂಡ. ಮೆಟ್ಟಿಲ ಬುಡಕ್ಕೆ ಬರುವಷ್ಟರಲ್ಲಿ ನೋವು ತಡೆಯದೆ ಕಿರುಚಿದ್ದಕ್ಕೆ ಅಲ್ಲೇ ಇಳಿಸಿದ.

"ಮುರಿದ ಮೂಳೆ ಇಟ್ಕೊಂಡು ಓಣಿಯಿಂದ ಇಲ್ಲೀವರೆಗೆ," ಎಂದಳು ಅವಳು. "ಅದಕ್ಕೇ ಜರುಗಿದ್ದು."

"ಪಕ್ಕದ ಮನೆಯಾಕೆ ಬಾಗಿಲು ತೆಗೆದ್ಳು. ಮೆಟ್ಟಿಲು ಒದ್ದೆಯಿತ್ತಲ್ಲ. ಅಯ್ಯೋ ಜಾರಿಬಿಟ್ರಾ ಅಂದ್ಳು. ನಾವು ಹೌದು ಅನ್ನಲೇ ಇಲ್ಲಮ್ಮ. ಅಲ್ಲ ಅನ್ನಲಿಲ್ಲ, ಅಷ್ಟೇ."

"ಹದಿನಾಲ್ಕು ತಿಂಗಳು ಅಲ್ಲ ಅನ್ನಲಿಲ್ಲ."

"ನಿಮ್ಮಮ್ಮಂಗೆ ಹೇಳ್ಬೇಡ, ಮಗಾ."

ಅವಳು ಕಾಯುತ್ತಿದ್ದ ಮಾತು ಬೇರೆಯಿತ್ತು. ಇದು ಬಂತು. ಕಾಲು ಇನ್ನೂ ಅವಳ ಕೈಯಲ್ಲೇ ಇತ್ತು. ಭಾರವಾಗಿ, ಬೆಚ್ಚಗೆ, ಪೂರಾ ನಂಬಿಕೊಂಡು.

"ನನ್ನ ತಲೆಗೆ ಕಟ್ಟುವಾಗ ನಿಮಗೆ ಏನೂ ಅನ್ನಿಸಲಿಲ್ವಾ ಅಪ್ಪ?"

ಅಪ್ಪ ಯೋಚಿಸಿದರು. ಸುಳ್ಳು ಹೇಳಬಾರದೆಂದು ನಿಜವಾಗಿಯೂ ಯೋಚಿಸಿದರು, ಅದೇ ಕೆಟ್ಟದ್ದಾಯಿತು. "ನೀನು ತಡ್ಕೊಳ್ತೀಯ ಅಂತ ಗೊತ್ತಿತ್ತು. ಅವನಾದ್ರೆ ಮುರಿದುಹೋಗ್ತಿದ್ದ."

"ಹತ್ತು," ಎಂದು ಅವಳು ಕಾಲನ್ನು ಕೆಳಗಿಟ್ಟಳು.

ಸಂಜೆ ತಮ್ಮನಿಗೆ ಫೋನು ಮಾಡಿ, "ಬಾ, ಸೈಕಲ್ಲಿನ ಹ್ಯಾಂಗರ್ ಬಗ್ಗಿದೆಯಂತೆ," ಎಂದಳು. ಅಷ್ಟೇ ಸಾಕಾಯಿತು. ಅವನು ಅರ್ಧ ಗಂಟೆಯಲ್ಲಿ ಬಂದ, ಬಾಗಿಲಲ್ಲೇ ನಿಂತ. ಅಮ್ಮ ಆಗಷ್ಟೇ ಕೆಲಸದಿಂದ ಬಂದು, ಮೈಯಿಂದ ಇಸ್ತ್ರಿಯ ಹಬೆಯ ವಾಸನೆ ಇನ್ನೂ ಆರದೆ, ತಟ್ಟೆ ಜೋಡಿಸುತ್ತಿದ್ದಳು.

"ಏನಿದು, ಬುಧವಾರವೇ ದರ್ಶನ?" ಎಂದಳು ಮಗನಿಗೆ. ಆಮೇಲೆ ಒಬ್ಬೊಬ್ಬರ ಮುಖವನ್ನೂ ನೋಡಿದಳು.

ಮಗಳು ಅಪ್ಪನತ್ತ ತಿರುಗಿ ಕೂತಳು. ತಾನಾಗಿ ಹೇಳಲಿ ಎಂದು ಅವಳಿಗೆ ಕೊನೆಯ ಆಸೆಯಿತ್ತು. ಅಪ್ಪ ಬಾಯಿ ತೆರೆದರು, ನೀರಿನ ಲೋಟ ಎತ್ತಿಕೊಂಡರು, ಕುಡಿದರು, ಇಟ್ಟರು.

"ಅಕ್ಕ, ನಾನು ಎಷ್ಟೋ ಸಲ ಹೇಳ್ಬೇಕು ಅಂತಾನೇ ಬಂದೆ," ಎಂದ ತಮ್ಮ, ಅಳು ತಡೆಯುತ್ತ.

"ಹೂಂ. ಬಂದು ಸ್ಕ್ರೂ ತಿರುಗಿಸಿ ಹೋದೆ."

"ನಿನ್ನ ಮುಖ ನೋಡಿದ್ರೆ ಆಗ್ತಿರಲಿಲ್ಲ. ಅದಕ್ಕೇ ಸೈಕಲ್ಲಾದ್ರೂ..."

"ಅಮ್ಮ," ಎಂದಳು ಅವಳು, "ಅಪ್ಪ ಬಿದ್ದಿದ್ದು ಮೆಟ್ಟಿಲಿಂದ ಅಲ್ಲ. ಇವನ ಸೈಕಲ್ಲಿಂದ."

ಅಮ್ಮನ ಕೈಯ ತಟ್ಟೆ ಬೀಳಲಿಲ್ಲ. ಅದನ್ನು ಇಡಬೇಕಾದ ಜಾಗದಲ್ಲೇ ಇಟ್ಟಳು. "ಗೊತ್ತು," ಎಂದಳು.

ಅಪ್ಪ ತಲೆ ಎತ್ತಿದರು. ಅಮ್ಮ ಸೆರಗಿನಿಂದ ಕೈ ಒರೆಸಿಕೊಂಡಳು. ಮೂವತ್ತು ವರ್ಷ ಊರವರ ಬಟ್ಟೆಯ ಕಲೆ ನೋಡಿ ಇದು ಏನು, ಎಲ್ಲಿಂದ ಬಂತು ಎಂದು ಹೇಳುತ್ತ ಬಂದವಳು ಅವಳು. "ಆಸ್ಪತ್ರೇಲಿ ಪ್ಯಾಂಟು ಕೈಗೆ ಕೊಟ್ರಲ್ಲ, ಅವತ್ತೇ. ಸೊಂಟದ ಮೇಲೆ ಪಂಪ್ ಮನೆ ಬಣ್ಣ. ಬಲಗಾಲಿನ ಅಂಚಲ್ಲಿ ಎಣ್ಣೆಮಸಿ, ಚೈನಿನ ಹಲ್ಲಿನ ಗುರುತು. ಮೆಟ್ಟಿಲಿಗೆ ಹಲ್ಲಿರುತ್ತಾ?"

"ಮತ್ತೆ ಆ ಪ್ಯಾಂಟನ್ನ ನನಗೆ ಕೊಟ್ಟೆ. ಒಗಿ ಅಂತ."

"ಕೊಟ್ಟೆ. ನೀನು ಒಂದು ಮಾತೂ ಕೇಳದೆ ತಿಕ್ಕಿ ಒಣಗಿ ಹಾಕಿದೆ. ನಿನಗೂ ತಿಳೀತು ಅಂದ್ಕೊಂಡೆ ಕಣೇ. ತಿಳಿದೂ ಅಪ್ಪನ ಮಾನ ಕಾಯ್ತಿದೀಯ, ತಪ್ಪನ್ನ ಮೈಮೇಲೆ ಹಾಕ್ಕೊಂಡಿದೀಯ ಅಂತ ಎಷ್ಟು ಹೆಮ್ಮೆ ಪಟ್ಟಿದೀನಿ ಗೊತ್ತಾ."

"ನನಗೆ ಗೊತ್ತಿರಲಿಲ್ಲ ಅಮ್ಮ."

ಅಮ್ಮ ಅವಳನ್ನು ನೋಡಿದಳು. ಏನೋ ಲೆಕ್ಕ ತಪ್ಪಿದ್ದು ಅಮ್ಮನ ಕಣ್ಣಿಗೆ ಆಗ ಬಿತ್ತು, ಆದರೆ ಪೂರ್ತಿ ಬೀಳಲಿಲ್ಲ.

"ಹಾಗಾದ್ರೆ ದಿನಾ ಆ ಮಾತು ಯಾಕೆ?" ಎಂದು ಅವಳು ಕೇಳಿದಳು. "ಆ ಮೆಟ್ಟಿಲು ಹಾಗೇ ಬಿಟ್ಟಿದ್ರೆ, ಬಿಟ್ಟಿದ್ರೆ ಅಂತ."

"ಅನ್ನದೇ ಇದ್ರೆ ಹೇಗೆ? ನಾನು ಸುಮ್ಮನಿದ್ರೆ ನನಗೆ ಗೊತ್ತಿದೆ ಅಂತ ಇವರಿಗೆ ತಿಳಿದುಬಿಡ್ತಿತ್ತು. ಆಣೆ ಮುರಿದದ್ದು ನನಗೆ ಗೊತ್ತಾಯ್ತು ಅಂದ್ರೆ ಈ ಮನುಷ್ಯ ಹಾಸಿಗೆಯಿಂದ ಏಳ್ತಿದ್ರಾ?"

ಅಪ್ಪನ ಕಣ್ಣು ತುಂಬಿತು. "ಇಷ್ಟು ದಿನ ಗೊತ್ತಿದ್ದೂ," ಎಂದರು ಅಮ್ಮನಿಗೆ, "ಒಂದು ಮಾತು ಆಡಲಿಲ್ವಲ್ಲೇ ನೀನು." ಕೋಲನ್ನು ಬದಿಗಿಟ್ಟು ಅಮ್ಮನ ಮಣಿಕಟ್ಟು ಹಿಡಿದುಕೊಂಡರು. ಅಮ್ಮ ಬಿಡಿಸಿಕೊಳ್ಳಲಿಲ್ಲ. ತಮ್ಮ ಗೋಡೆಗೊರಗಿ ಕೆಳಗೆ ಕುಸಿದು ಕೂತು ಅತ್ತೇಬಿಟ್ಟ, ಪರೀಕ್ಷೆ ಮುಗಿಸಿ ಬಂದ ಹುಡುಗನ ಹಾಗೆ ಹಗುರವಾಗಿ.

ಅವಳು ನೋಡುತ್ತ ಕೂತಳು. ಅಪ್ಪ ಮಗನನ್ನು ಕಾಪಾಡಿದ್ದರು, ಮಗ ಅಪ್ಪನನ್ನು, ಅಮ್ಮ ಗಂಡನನ್ನು. ಮೂವರಿಗೂ ಮರೆಯಾಗಿ ಒಂದು ಗೋಡೆ ಬೇಕಿತ್ತು. ಮೂವರೂ ಬೇರೆ ಬೇರೆಯಾಗಿ, ಒಬ್ಬರಿಗೊಬ್ಬರು ಹೇಳಿಕೊಳ್ಳದೆ, ಅವಳನ್ನೇ ಆರಿಸಿದ್ದರು. ಈಗ ಗೋಡೆ ಬಿದ್ದಿತ್ತು, ಮೂವರೂ ಒಬ್ಬರನ್ನೊಬ್ಬರು ಕಂಡುಕೊಂಡು ಅಳುತ್ತಿದ್ದರು. ಬಿದ್ದ ಗೋಡೆಯನ್ನು ಯಾರೂ ನೋಡುತ್ತಿರಲಿಲ್ಲ.

"ಊಟಕ್ಕೆ ಬನ್ನಿ ಎಲ್ಲಾ," ಎಂದಳು ಅಮ್ಮ, ಮೂಗೊರೆಸಿಕೊಂಡು. "ಹೋದದ್ದು ಹೋಯ್ತು."

"ನಾಳೆಯಿಂದ ಮಧ್ಯಾಹ್ನ ನಾನು ಬರಲ್ಲ," ಎಂದಳು ಅವಳು.

"ಸಿಟ್ಟಲ್ಲಿ ಹೇಳ್ತಿದೀಯ."

"ಇಲ್ಲ. ಡಾಕ್ಟರು ಕೇಳಿದ್ದ ಕೆಲಸಕ್ಕೆ ಹೂಂ ಅಂತೀನಿ. ಇಡೀ ದಿನದ ಕೆಲಸ."

"ನನಗೆ ಮಧ್ಯಾಹ್ನ ಆಫೀಸು ಅಕ್ಕ," ಎಂದ ತಮ್ಮ.

ಅವಳು ಎ‌ದ್ದು ಅವನನ್ನು ಕೈಹಿಡಿದು ಎಬ್ಬಿಸಿ ಚಾಪೆಯ ಹತ್ತಿರ ಕರೆದೊಯ್ದಳು. ಅಪ್ಪನಿಗೆ ಮಲಗಿ ಎಂದಳು. ಅಪ್ಪ ಮಲಗಿದರು. ತಮ್ಮನ ಅಂಗೈಯನ್ನು ಹಿಮ್ಮಡಿಯ ಕೆಳಗೆ ತಾನೇ ಇಟ್ಟು ತೋರಿಸಿದಳು. "ಬೆರಳಲ್ಲಿ ಹಿಡೀಬೇಡ, ಅಂಗೈಲಿ. ಮಂಡಿ ಮಡಚದ ಹಾಗೆ ನೋಡ್ಕೋ. ಹತ್ತು ಅಂದ್ರೆ ಹತ್ತು. ಎಂಟಕ್ಕೇ ಸಾಕು ಅಂತಾರೆ, ಕೇಳ್ಬೇಡ."

ತಮ್ಮ ಎಣಿಸಿದ. ಅಪ್ಪ ಮಗನನ್ನಲ್ಲ, ಪೂರಾ ಹತ್ತರವರೆಗೂ ಅವಳನ್ನೇ ನೋಡುತ್ತಿದ್ದರು. ಅವಳು ಅಪ್ಪನ ಕಾಲನ್ನು ಮಾತ್ರ ನೋಡಿದಳು.

ಗುರುವಾರ ಊಟದ ಬಿಡುವಿನಲ್ಲಿ ಪಂಕ್ಚರಜ್ಜಿಯ ಅಂಗಡಿಗೆ ಹೋದಾಗ ಹೊಸ ಹ್ಯಾಂಗರ್ ಕಾಗದದಲ್ಲಿ ಸುತ್ತಿ ಇಟ್ಟಿತ್ತು. ಹಳೆಯದನ್ನು ಅವಳೇ ಬಿಚ್ಚಿದಳು. ಅಂಗೈಯಲ್ಲಿಟ್ಟು ನೋಡಿದರೆ ಬಗ್ಗಿದ್ದು ಅಷ್ಟೇನೂ ಕಾಣುತ್ತಿರಲಿಲ್ಲ. ಹೊಸದನ್ನು ಕೂರಿಸಿ, ಡಿರೇಲರ್ ತಗುಲಿಸಿ, ಪೆಡಲ್ ತಿರುಗಿಸಿದಳು. ಎಂಟಕ್ಕೆ ಎಂಟೂ ಗೇರು ಒಟ್ಟಿಗೆ ಕಿರುಚಿದವು. ಮೊದಲು ಸುಮ್ಮನಿದ್ದ ಮೂರೂ ಸೇರಿ.

"ಇನ್ನೂ ಜಾಸ್ತಿ ಆಯ್ತಲ್ಲ ಅಜ್ಜಿ."

"ಆಗದೇ ಇರುತ್ತಾ? ಉಳಿದದ್ದನ್ನೆಲ್ಲ ಸೊಟ್ಟಕ್ಕೆ ಹೊಂದಿಸಿಟ್ಟಿದಾರೆ. ಕೇಬಲ್ಲು ಪೂರ್ತಿ ಬಿಚ್ಚು. ಬೇಲಿ ಸ್ಕ್ರೂನೂ. ಮೊದಲಿಂದ ಶುರು ಮಾಡು, ಸಣ್ಣ ಚಕ್ರದಿಂದ." ಅಜ್ಜಿ ಸ್ಟೂಲನ್ನು ಕಾಲಿನಿಂದ ಅವಳತ್ತ ದೂಡಿದಳು. "ಇದು ನೀನು ಮನೆಗೆ ಓಡೋ ಹೊತ್ತಲ್ವಾ?"

"ಇವತ್ತಿಲ್ಲ."

ಅಜ್ಜಿ ಟ್ಯೂಬೊಂದನ್ನು ನೀರಿನ ಬಾಣಲೆಯಲ್ಲಿ ಅದ್ದಿ ಗುಳ್ಳೆ ನೋಡತೊಡಗಿದಳು. ಅವಳು ಕೇಬಲ್ಲನ್ನು ಹಿಡಿದಿದ್ದ ನಟ್ಟು ಸಡಿಲಿಸಿದಳು. ತಂತಿ ಟಕ್ಕೆಂದು ಬಿಟ್ಟುಕೊಂಡಿತು. ಚೈನನ್ನು ಅತಿ ಸಣ್ಣ ಹಲ್ಲುಚಕ್ರಕ್ಕೆ ಇಳಿಸಿ, ಎಡಗೈಯಲ್ಲಿ ಪೆಡಲ್ ತಿರುಗಿಸುತ್ತ, ಬಲಗೈಯಲ್ಲಿ ಮೊದಲ ಸ್ಕ್ರೂವನ್ನು ಕಾಲು ಸುತ್ತು ತಿರುಗಿಸಿ ಕಿವಿಗೊಟ್ಟಳು. ಇನ್ನೂ ಇತ್ತು. ಇನ್ನೊಂದು ಕಾಲು ಸುತ್ತು ತಿರುಗಿಸಿದಳು.